ಎಲ್ಲೆಯಾಚೆಗೆ ಕಳುಹಿಸಿದ್ದು

ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ಪಾರ್ಶ್ವನಾಥ ಸ್ವಾಮಿಯ ಹಳೆಯ ಬಸದಿಯಿದೆ. ಅದರ ಹಿರಿಯ ಧರ್ಮದರ್ಶಿಗಳು 2018ರ ಬೇಸಿಗೆಯಲ್ಲಿ ತಾವೊಂದು ಪುಣ್ಯಕಾರ್ಯವನ್ನು ಮಾಡಿದೆವೆಂದು ಬಹುಕಾಲ ನಂಬಿದ್ದರು. ಬಸದಿಗೆ ಸೇರಿದ ತೆಂಗಿನ ತೋಟಕ್ಕೆ ಹೊಂದಿಕೊಂಡ ಹೊಲದಲ್ಲಿ ಹೊರಗಿನವರೊಬ್ಬರು 40,000 ಮೊಟ್ಟೆಕೋಳಿಗಳ ಫಾರಂ ಕಟ್ಟಲು ಹೊರಟಿದ್ದರು. ವಿಷಯ ತಿಳಿದೊಡನೆ ಧರ್ಮದರ್ಶಿಗಳು ಊರಿನ ಹತ್ತು ಸಮಸ್ತರನ್ನು ಕೂಡಿಸಿ, ಮನೆಮನೆಗೆ ಹೋಗಿ ಸಹಿ ಮಾಡಿಸಿ, ಗ್ರಾಮಸಭೆಯಲ್ಲಿ ತಾವೇ ಎದ್ದು ನಿಂತು ಮಾತನಾಡಿದರು. ಪಂಚಾಯಿತಿಯು ನಿರಾಕ್ಷೇಪಣಾ ಪತ್ರವನ್ನು ಕೊಡಲಿಲ್ಲ. ವರ್ಷ ತುಂಬುವುದರೊಳಗೆ ಅದೇ ಫಾರಂ ನಾಲ್ಕು ಕಿಲೋಮೀಟರ್ ಆಚೆ, ಕೆರೆಯ ಹಿಂಬದಿಯಲ್ಲಿ, ಮತ್ತೊಂದು ಪಂಚಾಯಿತಿಯ ಎಲ್ಲೆಯೊಳಗೆ ಎದ್ದು ನಿಂತಿತು. ಮರುವರ್ಷದ ಮಹಾವೀರ ಜಯಂತಿಯಂದು ಸಮಾಜದ ವತಿಯಿಂದ ಧರ್ಮದರ್ಶಿಗಳಿಗೆ ಶಾಲು ಹೊದಿಸಲಾಯಿತು. ಅಹಿಂಸೆಯ ಜಯವೆಂದು ಭಾಷಣಗಳಾದವು.

ಆ ದಿನಗಳಲ್ಲಿ ಪಂಚಾಯಿತಿಯ ಮಾತಿಗೆ ಅಷ್ಟೊಂದು ತೂಕ ಬಂದದ್ದಕ್ಕೆ ಕಾರಣವಿತ್ತು. ಸಂವಿಧಾನದ 73ನೆಯ ತಿದ್ದುಪಡಿಯು ಸೇರಿಸಿದ ಹನ್ನೊಂದನೆಯ ಅನುಸೂಚಿಯಲ್ಲಿ ಪಶುಸಂಗೋಪನೆ, ಹೈನು ಮತ್ತು ಕೋಳಿ ಸಾಕಣೆಯು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ನಾಲ್ಕನೆಯದು. ಪಶುಸಂಪತ್ತಿನ ರಕ್ಷಣೆ ಮತ್ತು ಪಶುರೋಗಗಳ ತಡೆ ರಾಜ್ಯಪಟ್ಟಿಗೆ ಸೇರಿದ್ದು. ಪ್ರಾಣಿಹಿಂಸೆಯ ತಡೆ ಕೇಂದ್ರ ಮತ್ತು ರಾಜ್ಯಗಳೆರಡಕ್ಕೂ ಸೇರಿದ್ದು. ಹೀಗೆ ಅಧಿಕಾರ ಮೂರು ಕಡೆ ಹಂಚಿಹೋಗಿದ್ದರೂ ಆಗ ಕೋಳಿ ಫಾರಂ ಕಟ್ಟುವವನು ದಾಟಬೇಕಾದ ಬಾಗಿಲು ವಾಸ್ತವವಾಗಿ ಒಂದೇ ಆಗಿತ್ತು. ಕರ್ನಾಟಕದ ಭೂಸುಧಾರಣಾ ಕಾಯಿದೆಯು ಕೋಳಿ ಸಾಕಣೆಯನ್ನು ಕೃಷಿಯೆಂದೇ ಪರಿಗಣಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2015ರ ಮಾರ್ಗಸೂಚಿಯಂತೆ ಒಂದು ಲಕ್ಷಕ್ಕಿಂತ ಕಡಿಮೆ ಹಕ್ಕಿಗಳಿರುವ ಫಾರಂಗಳು ಮಂಡಳಿಯ ಸಮ್ಮತಿಯ ಗೋಜಿಲ್ಲದೆ ನಡೆಯಬಹುದಾಗಿತ್ತು. ಆದ್ದರಿಂದ 40,000 ಕೋಳಿಗಳ ಆ ಫಾರಂ ಯಾವ ಊರಿಗೆ ಬರಬೇಕು, ಯಾವ ಊರಿಗೆ ಬರಬಾರದು ಎಂಬುದನ್ನು ನಿರ್ಧರಿಸಿದ್ದು ಎರಡು ಪಂಚಾಯಿತಿಗಳ ಗಟ್ಟಿತನ ಮಾತ್ರ. ಧರ್ಮದರ್ಶಿಗಳ ಊರು ಗಟ್ಟಿಯಾಗಿತ್ತು. ಅಲ್ಲಿ ಓದಿದವರಿದ್ದರು, ವ್ಯಾಪಾರಸ್ಥರಿದ್ದರು, ಬಸದಿಯಿತ್ತು. ಕೆರೆಯ ಹಿಂದಿನ ಊರಿನಲ್ಲಿ ಇವಾವುವೂ ಇರಲಿಲ್ಲ.

ಈ ಸಂಗತಿ ಅವರ ಮನಸ್ಸನ್ನು ತಟ್ಟಿದ್ದು ಅಲ್ಲಿಂದ ಐದು ವರ್ಷಗಳ ಮೇಲೆ, ಸಾವಿರಾರು ಮೈಲಿಗಳ ದೂರದಲ್ಲಿ.

2023ರಲ್ಲಿ ಧರ್ಮದರ್ಶಿಗಳು ಅಮೆರಿಕದ ಅಯೋವಾ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿ ಕೆಲವು ತಿಂಗಳು ಇದ್ದರು. ಅಯೋವಾ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಮುಕ್ಕಾಲು ಪಾಲಿನಷ್ಟಿದೆ. ಜನಸಂಖ್ಯೆ ಸುಮಾರು 32 ಲಕ್ಷ. ಹಂದಿಗಳ ಸಂಖ್ಯೆ 2 ಕೋಟಿ 30 ಲಕ್ಷಕ್ಕೂ ಮೇಲೆ. ಆದರೆ ಇಡೀ ರಾಜ್ಯದಲ್ಲಿ ದಿನವಿಡೀ ಕಾರಿನಲ್ಲಿ ತಿರುಗಿದರೂ ಕಣ್ಣಿಗೆ ಒಂದು ಹಂದಿಯೂ ಬೀಳುವುದು ಅಪರೂಪ. ಜೋಳ ಮತ್ತು ಸೋಯಾ ಹೊಲಗಳ ನಡುವೆ ಉದ್ದನೆಯ ತಗ್ಗು ಕಟ್ಟಡಗಳು, ಅವುಗಳ ತುದಿಯಲ್ಲಿ ದೊಡ್ಡ ಫ್ಯಾನುಗಳು, ಪಕ್ಕದಲ್ಲಿ ಮೇವು ತುಂಬುವ ಲೋಹದ ಕಣಜಗಳು. ಇಷ್ಟೇ ಕಾಣುವುದು. ಮೊದಲ ವಾರ ಅವರು ಅವುಗಳನ್ನು ಧಾನ್ಯದ ಉಗ್ರಾಣಗಳೆಂದು ತಿಳಿದಿದ್ದರಂತೆ. "ಅಪ್ಪಾಜಿ, ಅದು ಉಗ್ರಾಣವಲ್ಲ" ಎಂದು ಮಗಳು ಒಂದು ಸಂಜೆ ಹೇಳಿದಾಗ ಅವರು ಮರುಮಾತಾಡಲಿಲ್ಲ.

ಮೂರು ವಾರದ ಮರಿಯಾಗಿ ಒಳಗೆ ಬಂದ ಹಂದಿಯು ಆರು ತಿಂಗಳಾಗುವ ಹೊತ್ತಿಗೆ ಸುಮಾರು 125 ಕಿಲೋ ತೂಗಿ ಕಸಾಯಿಖಾನೆಗೆ ಹೊರಡುತ್ತದೆ. ಅದರ ಸಹಜ ಆಯುಸ್ಸು ಹದಿನೈದು ವರ್ಷಕ್ಕೂ ಮೇಲ್ಪಟ್ಟದ್ದು. ಒಂದು ಹಂದಿಗೆ ದೊರೆಯುವ ಜಾಗ ಸುಮಾರು ಎಂಟು ಚದರ ಅಡಿ. ಸಂದುಗಳುಳ್ಳ ಕಾಂಕ್ರೀಟಿನ ನೆಲ, ಅದರ ಕೆಳಗೆ ಆಳವಾದ ಗುಂಡಿ. ಮಲಮೂತ್ರವೆಲ್ಲ ಆ ಗುಂಡಿಗೆ ಇಳಿದು, ಶರತ್ಕಾಲದಲ್ಲಿ ಸುತ್ತಲಿನ ಹೊಲಗಳಿಗೆ ಗೊಬ್ಬರವಾಗಿ ಹೋಗುತ್ತದೆ. ಗುಂಡಿಯಿಂದೇಳುವ ಅನಿಲವನ್ನು ಫ್ಯಾನುಗಳು ಹಗಲಿರುಳೂ ಹೊರದಬ್ಬುತ್ತಿರಬೇಕು. ವಿದ್ಯುತ್ತು ನಿಂತು ಫ್ಯಾನುಗಳು ಕೆಟ್ಟರೆ ಕೆಲವೇ ತಾಸುಗಳಲ್ಲಿ ಒಳಗಿರುವ ಜೀವಗಳು ಉಸಿರುಗಟ್ಟಿ ಸಾಯುತ್ತವೆ. ಹೊರಗೆ ಬಂದ ಆ ಗಾಳಿಯೇ ನೆರೆಯವರ ಮನೆಯ ಕಿಟಕಿಯನ್ನು ಮುಚ್ಚಿಸುತ್ತದೆ.

ಮಗಳ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಪಕ್ಕದ ಕೌಂಟಿಯಲ್ಲಿ ವಾಸವಾಗಿದ್ದರು. ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು. ಅಯೋವಾದಲ್ಲಿ ಅಂಥವು 99 ಇವೆ. ಅವರ ಮನೆಯಿಂದ 2,100 ಅಡಿ ದೂರದಲ್ಲಿ 4,992 ಹಂದಿಗಳ ಕಟ್ಟಡಗಳಿಗೆ ಅರ್ಜಿ ಬಿದ್ದಿತ್ತು. ಅಷ್ಟು ದೊಡ್ಡ ಫಾರಂ ವಾಸದ ಮನೆಯಿಂದ 1,875 ಅಡಿ ದೂರವಿರಬೇಕೆಂಬುದು ಅಲ್ಲಿಯ ರಾಜ್ಯದ ನಿಯಮ. ಎಂದರೆ ನಿಯಮವೇನೂ ಮುರಿದಿರಲಿಲ್ಲ. ಕೌಂಟಿಯ ಮಂಡಳಿಯು ಸಾರ್ವಜನಿಕ ವಿಚಾರಣೆಯನ್ನು ಕರೆದಾಗ ಶಿಕ್ಷಕಿಯು ಮಗಳನ್ನೂ, ಜೊತೆಗೆ ಕುತೂಹಲಪಟ್ಟ ಧರ್ಮದರ್ಶಿಗಳನ್ನೂ ಕರೆದೊಯ್ದರು. ಅದು ಸೆಪ್ಟೆಂಬರ್ ತಿಂಗಳು. ದಶಲಕ್ಷಣ ಪರ್ವಕ್ಕೆ ಇನ್ನು ಕೆಲವೇ ದಿನಗಳಿದ್ದವು.

ಸಭೆಗೆ ಹೋಗುವ ದಾರಿಯಲ್ಲಿ ಶಿಕ್ಷಕಿಯು ವಿವರಿಸಿದ ಕಥೆ ಸ್ವಾರಸ್ಯವಾದದ್ದು, ಸ್ವಲ್ಪ ವಿಸ್ತರಿಸಿ ಹೇಳುವುದಕ್ಕೆ ಯೋಗ್ಯವಾದದ್ದು. 1947ರಷ್ಟು ಹಿಂದೆಯೇ ಅಯೋವಾದ ಶಾಸನಸಭೆಯು ಕೌಂಟಿಗಳಿಗೆ ಭೂಬಳಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೊಟ್ಟಿತು, ಆದರೆ ಕೃಷಿಯನ್ನು ಅದರಿಂದ ಹೊರಗಿಟ್ಟಿತು. ಆಗ ಹಂದಿ ಸಾಕುವುದೆಂದರೆ ಮನೆಯ ಹಿಂದೆ ಇಪ್ಪತ್ತೋ ಮೂವತ್ತೋ ಹಂದಿಗಳು. ವಿನಾಯಿತಿ ಕೊಟ್ಟದ್ದು ಆ ಬಡ ರೈತನಿಗೆ. ಐವತ್ತು ವರ್ಷಗಳಲ್ಲಿ ಸಾಕಣೆಯ ಸ್ವರೂಪವೇ ಬದಲಾಯಿತು, ವಿನಾಯಿತಿ ಮಾತ್ರ ಹಾಗೆಯೇ ಉಳಿಯಿತು. 1996ರಲ್ಲಿ, ಸಾವಿರಾರು ಹಂದಿಗಳ ಕಟ್ಟಡಗಳೂ ಕೃಷಿಯೇ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕ್ಯಾಸ್ ಕೌಂಟಿಯ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅದೇ ವರ್ಷ ಹಂಬೋಲ್ಟ್ ಎಂಬ ಕೌಂಟಿಯು ಬೇರೊಂದು ದಾರಿಯಿಂದ ಪ್ರಯತ್ನಿಸಿತು. ಕಟ್ಟುವ ಮುನ್ನ ಅನುಮತಿ, ಗುಂಡಿಗೇನಾದರೂ ಆದರೆ ಶುದ್ಧಿಗೊಳಿಸಲು ಹಣದ ಭದ್ರತೆ, ಅಂತರ್ಜಲದ ರಕ್ಷಣೆ, ಗಾಳಿಗೆ ಸೇರುವ ವಿಷಾನಿಲದ ಮಿತಿ ಎಂದು ನಾಲ್ಕು ಕಟ್ಟಳೆಗಳನ್ನು ಮಾಡಿತು. 1998ರಲ್ಲಿ ನ್ಯಾಯಾಲಯವು ನಾಲ್ಕನ್ನೂ ಅಸಿಂಧುವೆಂದು ತೀರ್ಮಾನಿಸಿತು. ರಾಜ್ಯವು ಕಾನೂನು ಮಾಡಿರುವಲ್ಲಿ ಕೌಂಟಿಯು ಅದಕ್ಕೆ ವಿರುದ್ಧವಾಗಿ ಮಾಡುವಂತಿಲ್ಲ ಎಂಬುದು ಅದರ ತಾತ್ಪರ್ಯ. ಶಾಸನಸಭೆಯು ಅದೇ ವರ್ಷ ಈ ನಿಷೇಧವನ್ನು ಕಾಯಿದೆಯಲ್ಲೇ ಬರೆದುಬಿಟ್ಟಿತು. ಬಳಿಕ ವರ್ತ್ ಎಂಬ ಕೌಂಟಿಯು ಸಾರ್ವಜನಿಕ ಆರೋಗ್ಯದ ಹೆಸರಿನಲ್ಲಿ ಮಾಡಿದ ಕಟ್ಟಳೆಯೂ 2004ರಲ್ಲಿ ಅದೇ ಗತಿಯನ್ನು ಕಂಡಿತು.

ಕೋಪಗೊಂಡ ಕೌಂಟಿಗಳನ್ನು ಸಮಾಧಾನಪಡಿಸಲು 2002ರಲ್ಲಿ ಒಂದು ರಾಜಿಯಾಯಿತು. ಕೌಂಟಿಗೆ ಬೇಡವೆನ್ನುವ ಅಧಿಕಾರವಿಲ್ಲ, ಆದರೆ ಅಂಕ ಹಾಕುವ ಅಧಿಕಾರವಿದೆ. ಸುಮಾರು 2,500 ಹಂದಿಗಳಿಗಿಂತ ದೊಡ್ಡ ಫಾರಂಗಳ ಅರ್ಜಿಗೆ 44 ಪ್ರಶ್ನೆಗಳ, 880 ಅಂಕಗಳ ಒಂದು ಪತ್ರಿಕೆಯಿದೆ. 440 ಬಂದರೆ ತೇರ್ಗಡೆ. ಅಂದರೆ ನೂರಕ್ಕೆ ಐವತ್ತು. ನಮ್ಮ ಶಾಲೆಗಳ ಪರೀಕ್ಷೆಗಿಂತ ಸ್ವಲ್ಪ ಬಿಗಿಯೆಂದು ಸಮಾಧಾನಪಟ್ಟುಕೊಳ್ಳಬಹುದೇನೋ. ಈ ಪರೀಕ್ಷೆಯನ್ನೂ ತಪ್ಪಿಸಲು 2,499 ಹಂದಿಗಳಿಗೆಂದೇ ಕಟ್ಟಡ ಕಟ್ಟುವವರಿದ್ದಾರೆ. ಅಂಕ ಹಾಕಿದ ಮೇಲೆಯೂ ಕೌಂಟಿಯು ಕೊಡುವುದು ಶಿಫಾರಸು ಮಾತ್ರ. ಕೊನೆಯ ಮಾತು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯದು.

ವಿಚಾರಣೆಯ ಕೊಠಡಿ ಕಿಕ್ಕಿರಿದಿತ್ತು. ಮಗಳು ತಗ್ಗಿದ ದನಿಯಲ್ಲಿ ತಂದೆಗೆ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು. ಅರ್ಜಿದಾರನು ಮೂವತ್ತರ ಆಸುಪಾಸಿನ ರೈತ. ಅವನು ಸಿಟ್ಟಾಗದೆ, ನಾಚುತ್ತಲೇ ಮಾತನಾಡಿದ. ಅಜ್ಜ ಸಾಕಿದ್ದು ಇದೇ ನೆಲದಲ್ಲಿ. ಜೋಳದ ಬೆಲೆಯನ್ನು ನಂಬಿ ಸಾಲ ತೀರಿಸಲಾಗದು. ಕಂಪನಿಯ ಗುತ್ತಿಗೆ ಸಿಕ್ಕರೆ ಜಮೀನು ಉಳಿಯುತ್ತದೆ, ತನ್ನ ಮಕ್ಕಳು ಊರಿನಲ್ಲಿಯೇ ಓದುತ್ತಾರೆ ಎಂದ. ಈ ಗುತ್ತಿಗೆಯ ಕ್ರಮವೂ ತಿಳಿಯತಕ್ಕದ್ದೇ. ಹಂದಿ ಮತ್ತು ಮೇವು ಕಂಪನಿಯ ಸ್ವತ್ತು, ಕಟ್ಟಡ ಮತ್ತು ಗೊಬ್ಬರ ರೈತನ ಸ್ವತ್ತು. ವಾಸನೆ ಯಾರ ಸ್ವತ್ತೆಂದು ಒಪ್ಪಂದದಲ್ಲಿ ಬರೆದಿರುವುದಿಲ್ಲ. ಉದ್ಯಮದ ಪರವಾಗಿ ಬಂದವರೊಬ್ಬರು 99 ಕೌಂಟಿಗಳಿಗೆ 99 ಕಾನೂನುಗಳಾದರೆ ಕೃಷಿ ನಡೆಯುವುದು ಹೇಗೆಂದು ಕೇಳಿದರು. ನಿಯಮಕ್ಕೆ ವಿಜ್ಞಾನ ಆಧಾರವಾಗಬೇಕೇ ಹೊರತು ಸಭೆಯ ಕೂಗಲ್ಲ ಎಂದರು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ನೆರೆಯವನ ಮೇಲಿನ ಹಳೆಯ ದ್ವೇಷವನ್ನು ತೀರಿಸಿಕೊಳ್ಳಲು ಸ್ಥಳೀಯ ಅಧಿಕಾರವನ್ನು ಬಳಸಿದ ನಿದರ್ಶನಗಳನ್ನು ನಮ್ಮ ಪಂಚಾಯಿತಿಗಳನ್ನು ಬಲ್ಲವರು ಬೇಕಾದಷ್ಟು ಕೊಡಬಲ್ಲರು.

ಬಳಿಕ ಅಂಕಪತ್ರಿಕೆಯನ್ನು ಓದಲಾಯಿತು. ಹೆಚ್ಚಿನ ಅಂತರಕ್ಕೆ ಇಷ್ಟು ಅಂಕ, ಗುಂಡಿಗೆ ಮುಚ್ಚಳವಿದ್ದರೆ ಇಷ್ಟು, ಲಾರಿ ಹಿಮ್ಮುಖವಾಗಿ ಬರದೆ ಆವರಣದೊಳಗೇ ತಿರುಗಲು ಜಾಗವಿದ್ದರೆ ಇಷ್ಟು, ಕೆಲಸಗಾರರ ಸುರಕ್ಷತೆಯ ಯೋಜನೆಗೆ ಇಷ್ಟು. ಪ್ರಶ್ನೆಗಳನ್ನೆಲ್ಲ ಗಾಳಿ, ನೀರು, ಸಮುದಾಯ ಎಂಬ ಮೂರು ಶೀರ್ಷಿಕೆಗಳಲ್ಲಿ ಅಳೆಯುತ್ತಾರೆ. ಧರ್ಮದರ್ಶಿಗಳು ನಾಲ್ಕನೆಯದಕ್ಕಾಗಿ ಕಾದರು. ನಾಲ್ಕನೆಯದಿರಲಿಲ್ಲ. ಪ್ರಾಣಿಯ ಮಾತು ಬಂದದ್ದು ಲೆಕ್ಕದಲ್ಲಿ ಮಾತ್ರ. ಬೆಳೆದ ಹಂದಿಯೊಂದು ಅಲ್ಲಿಯ ಕಾನೂನಿನಲ್ಲಿ 0.4 'ಪ್ರಾಣಿ ಘಟಕ'. ಐದು ಇಂದ್ರಿಯಗಳೂ ಮನಸ್ಸೂ ಉಳ್ಳ, ಸಂಜ್ಞಿ ಪಂಚೇಂದ್ರಿಯವೆಂದು ನಮ್ಮ ಆಚಾರ್ಯರು ಗುರುತಿಸಿದ ಜೀವವು ಅಲ್ಲಿ ಒಂದರಲ್ಲಿ ನಾಲ್ಕು ದಶಾಂಶ. ಅದನ್ನು ವಿರೋಧಿಸಲು ಬಂದವರಾಗಲಿ, ಸಮರ್ಥಿಸಲು ಬಂದವರಾಗಲಿ ಎರಡು ಗಂಟೆಗಳ ಸಭೆಯಲ್ಲಿ ಹಂದಿಯ ಬದುಕಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಕೊನೆಗೆ ವಿರೋಧಿಗಳ ಪೈಕಿ ಒಬ್ಬ ಹಿರಿಯ ಎದ್ದು ನಿಂತು, ಉತ್ತರದ ಕೌಂಟಿಯಲ್ಲಿ ಮನೆಗಳೇ ಇಲ್ಲದ ಬಯಲು ಎಷ್ಟೋ ಇದೆ, ಅಲ್ಲಿ ಕಟ್ಟಿಕೊಳ್ಳಲಿ ಎಂದ. ಕೊಠಡಿಯೆಲ್ಲ ಚಪ್ಪಾಳೆ ಹೊಡೆಯಿತು. ಮಗಳು ಅದನ್ನು ಕನ್ನಡಿಸಿ ಹೇಳಿದಾಗ ಧರ್ಮದರ್ಶಿಗಳು ಅವಳ ಕಡೆಗೆ ತಿರುಗಿ, "ಇನ್ನೊಮ್ಮೆ ಹೇಳಮ್ಮ" ಎಂದರು. ಅವಳು ಇನ್ನೊಮ್ಮೆ ಹೇಳಿದಳು.

2018ರ ಗ್ರಾಮಸಭೆಯಲ್ಲಿ ಅವರು ಆಡಿದ ಮಾತು ಪಂಚಾಯಿತಿಯ ನಡಾವಳಿ ಪುಸ್ತಕದಲ್ಲಿದೆ. "ಕೆರೆಯ ಆಚೆ ಬೇಕಾದಷ್ಟು ಜಾಗವಿದೆ, ಬೇಕಿದ್ದರೆ ಅಲ್ಲಿ ಕಟ್ಟಿಕೊಳ್ಳಲಿ."

ಹಿಂತಿರುಗುವಾಗ ಕಾರಿನಲ್ಲಿ ಶಿಕ್ಷಕಿಯು ಅವರ ಧರ್ಮದ ಬಗ್ಗೆ ವಿಚಾರಿಸಿದರು. ಮಾಂಸ, ಮೊಟ್ಟೆ, ಜೇನು ಮುಟ್ಟುವುದಿಲ್ಲವೆಂದು ಕೇಳಿ ಗೌರವದಿಂದ ತಲೆದೂಗಿದರು. ಹಾಲು ಕುಡಿಯುತ್ತೀರಾ ಎಂದು ಕೇಳಿದರು. ಕುಡಿಯುತ್ತೇವೆ ಎಂದರು ಧರ್ಮದರ್ಶಿಗಳು. ಶಿಕ್ಷಕಿ ಏನೂ ಹೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಎಡಗಡೆಯ ಉದ್ದನೆಯ ಕೊಟ್ಟಿಗೆಗಳನ್ನು ತೋರಿಸಿ ಅದು ಡೇರಿ ಎಂದಷ್ಟೇ ತಿಳಿಸಿದರು. ಬಸದಿಯಲ್ಲಿ ನಿತ್ಯದ ಕ್ಷೀರಾಭಿಷೇಕಕ್ಕೆ ಬರುವ ಹಾಲು ಪೊಟ್ಟಣದ್ದು. ಅದು ಎಲ್ಲಿಂದ ಬರುತ್ತದೆಂದು, ಅಲ್ಲಿ ಗಂಡುಕರುಗಳು ಏನಾಗುತ್ತವೆಂದು ಆಡಳಿತ ಮಂಡಳಿಯಲ್ಲಿ ಯಾರೂ ಎಂದೂ ಕೇಳಿದ್ದಿಲ್ಲ.

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಪಾರಾಯಣ ಮಾಡುವ ಪದ್ಧತಿಯುಂಟು. ಧರ್ಮದರ್ಶಿಗಳು ಅದನ್ನು ಮಗಳ ಮನೆಯಲ್ಲೂ ಬಿಡಲಿಲ್ಲ. ಏಳನೆಯ ದಿನ ವ್ರತಗಳ ಅಧ್ಯಾಯ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ವಧೆಯಲ್ಲ, ಬಂಧ. ಜೀವವನ್ನು ಅದರ ಇಷ್ಟದ ಕಡೆ ಚಲಿಸದಂತೆ ಕಟ್ಟಿಹಾಕುವುದು. ಅನಂತರ ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಐವತ್ತು ವರ್ಷಗಳಿಂದ ಅವರು ಈ ಹೆಸರುಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರು. ಬಂಧವೆಂದರೆ ಎತ್ತಿಗೆ ಬಿಗಿದ ಮೂಗುದಾರವೆಂದೂ, ಅತಿಭಾರವೆಂದರೆ ಗಾಡಿಗೆ ಹೇರಿದ ಹೆಚ್ಚಿನ ಮೂಟೆಯೆಂದೂ ಭಾವಿಸಿದ್ದರು. ಗರ್ಭ ಧರಿಸಿದ ಹೆಣ್ಣುಹಂದಿಯನ್ನು ಎರಡಡಿ ಅಗಲ, ಏಳಡಿ ಉದ್ದದ ಕಂಬಿಗಳ ನಡುವೆ ಹೊರಳಲೂ ಆಗದಂತೆ ನಿಲ್ಲಿಸುವುದು ಬಂಧವಲ್ಲದೆ ಮತ್ತೇನು? ಒಂದನ್ನೊಂದು ಕಚ್ಚದಿರಲೆಂದು ಮರಿಗಳ ಬಾಲ ಕತ್ತರಿಸುವುದು ಛೇದವಲ್ಲದೆ ಮತ್ತೇನು? ನಮ್ಮ ದೇಶದಲ್ಲಿಯೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಸಾಕಷ್ಟು ಚಲನೆಗೆ ಆಸ್ಪದವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದನ್ನು ಅಪರಾಧವೆನ್ನುತ್ತದೆ. ಮೊಟ್ಟೆಕೋಳಿಯ ಪಂಜರಗಳು ಅದರ ಕಣ್ಣೆದುರಿಗೇ ಬೆಳೆದಿವೆ.

ಆದರೆ ಆ ದಿನ ಅವರನ್ನು ತಡೆದು ನಿಲ್ಲಿಸಿದ್ದು ಇನ್ನೂ ಮುಂದಿನ ಮಾತು. ಗುಣವ್ರತಗಳಲ್ಲಿ ದೇಶವ್ರತವೆಂಬುದೊಂದಿದೆ. ಶ್ರಾವಕನು ತನ್ನ ವ್ಯವಹಾರಕ್ಕೆ ಇಂತಿಷ್ಟು ಕಾಲ ಈ ಊರು, ಈ ಹೊಳೆ, ಈ ಬೀದಿಯೇ ಎಲ್ಲೆಯೆಂದು ನಿಯಮ ಮಾಡಿಕೊಳ್ಳುತ್ತಾನೆ. ಅದರ ಉದ್ದೇಶ ಎಲ್ಲೆಯ ಹೊರಗಿನ ಜೀವಗಳಿಗೆ ತನ್ನಿಂದಾಗುವ ಹಿಂಸೆಯನ್ನು ಪೂರ್ತಿಯಾಗಿ ನಿಲ್ಲಿಸುವುದು. ಅದರ ಅತಿಚಾರಗಳೂ ಐದು. ಹೊರಗಿನಿಂದ ವಸ್ತುವನ್ನು ತರಿಸಿಕೊಳ್ಳುವ ಆನಯನ, ಆಳನ್ನು ಕಳುಹಿಸಿ ಕೆಲಸ ಮಾಡಿಸುವ ಪ್ರೇಷ್ಯಪ್ರಯೋಗ, ಕೆಮ್ಮಿ ಸೂಚನೆ ಕೊಡುವ ಶಬ್ದಾನುಪಾತ, ಮುಖ ತೋರಿಸಿ ಸೂಚಿಸುವ ರೂಪಾನುಪಾತ, ಕಲ್ಲುಹೆಂಟೆಯನ್ನೆಸೆದು ಆಚೆಯವರನ್ನು ಎಚ್ಚರಿಸುವ ಪುದ್ಗಲಕ್ಷೇಪ. ಕಾಲು ಎಲ್ಲೆಯೊಳಗೇ ಇರುತ್ತದೆ, ಕೆಲಸ ಆಚೆ ನಡೆಯುತ್ತದೆ. ಮನುಷ್ಯನ ಉಪಾಯಗಳನ್ನು ಇಷ್ಟು ಚೆನ್ನಾಗಿ ಬಲ್ಲವರು ಈ ಪಟ್ಟಿಯನ್ನು ಮಾಡಿದ್ದಾರೆ! ನಮ್ಮವರು ಎಲ್ಲೆ ಹಾಕಿಕೊಂಡದ್ದು ಹೊರಗಿನವರ ರಕ್ಷಣೆಗಾಗಿ. ಕೌಂಟಿಯಾಗಲಿ ಪಂಚಾಯಿತಿಯಾಗಲಿ ಎಲ್ಲೆಯನ್ನು ಬಳಸುವುದು ಒಳಗಿನವರ ರಕ್ಷಣೆಗಾಗಿ.

ಧರ್ಮದರ್ಶಿಗಳು ತಮ್ಮನ್ನು ಸಮರ್ಥಿಸಿಕೊಳ್ಳಲು ಯತ್ನಿಸದೆ ಇರಲಿಲ್ಲ. ಅವರು ಫಾರಂ ಕಟ್ಟಲಿಲ್ಲ, ಕಟ್ಟಿಸಲಿಲ್ಲ. ತಮ್ಮ ಊರಿಗೆ ಬೇಡವೆಂದರು, ಅಷ್ಟೆ. ಕೃತ, ಕಾರಿತಗಳೆರಡೂ ಅವರ ಪಾಲಿಗಿಲ್ಲ. ಆದರೆ ಮೂರನೆಯದೊಂದಿದೆಯಲ್ಲ, ಅನುಮತ. "ಅಲ್ಲಿ ಕಟ್ಟಿಕೊಳ್ಳಲಿ" ಎಂಬ ಮಾತನ್ನು ಎಷ್ಟು ತಿರುಗಿಸಿ ನೋಡಿದರೂ ಅದು ಅನುಮತವಾಗಿಯೇ ಕಾಣಿಸುತ್ತಿತ್ತು.

ಆ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನೀಡಿದ್ದ ಒಂದು ತೀರ್ಪಿನ ಸಂಗತಿಯನ್ನು ಮಗಳು ಅವರಿಗೆ ತಿಳಿಸಿದಳು. ಕ್ಯಾಲಿಫೋರ್ನಿಯದ ಮತದಾರರು 2018ರಲ್ಲಿಯೇ ಒಂದು ಕಾನೂನನ್ನು ಮತದ ಮೂಲಕ ಅಂಗೀಕರಿಸಿದ್ದರು. ತಾಯಿಹಂದಿಗೆ 24 ಚದರ ಅಡಿಯಾದರೂ ಜಾಗ ಕೊಡದೆ ಸಾಕಿದ್ದರೆ, ಅದರ ಮರಿಯ ಮಾಂಸವನ್ನು, ಅದು ಯಾವ ರಾಜ್ಯದ್ದೇ ಆಗಲಿ, ತಮ್ಮಲ್ಲಿ ಮಾರುವಂತಿಲ್ಲ ಎಂದು. ಹಂದಿ ಉದ್ಯಮವು ಮೊಕದ್ದಮೆ ಹೂಡಿ ಸೋತಿತು. ಮಾಂಸ ತಿನ್ನುವವರೇ ಮಾಡಿದ ಕಾನೂನು ಅದು, ನಮ್ಮ ದೃಷ್ಟಿಗೆ ಅತ್ಯಲ್ಪವಾದದ್ದು. ಆದರೂ ಆ ಇಡೀ ವ್ಯವಸ್ಥೆಯಲ್ಲಿ ಪ್ರಾಣಿಯ ಮೈಯಳತೆಯನ್ನು ಕೇಳಿದ್ದು ಫಾರಮ್ಮಿನ ನೆರೆಯವರಲ್ಲ, ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಕೊಳ್ಳುವವರು. ದೂರದವರಿಗೆ ಕಾಣುವುದಿಲ್ಲ, ಹತ್ತಿರದವರಿಗೆ ಕಾಣುತ್ತದೆ ಎಂಬ ಸರಳ ಲೆಕ್ಕ ಇಲ್ಲಿ ಹೊಂದಿಕೊಳ್ಳಲಿಲ್ಲ. ಶಿಕ್ಷಕಿಯ ಕೌಂಟಿಯು ಬೇಡವೆಂದೇ ಶಿಫಾರಸು ಮಾಡಿತು. ಅಂಕ 440ನ್ನು ದಾಟಿದ್ದರಿಂದ ರಾಜ್ಯವು ಅನುಮತಿ ಕೊಟ್ಟಿತು. ಉತ್ತರದ ಬಯಲಿಗೆ ಹೋಗುವ ಅಗತ್ಯವೇ ಬೀಳಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಮರಳಿದ ಧರ್ಮದರ್ಶಿಗಳು ಒಂದು ಬೆಳಿಗ್ಗೆ, ಯಾರಿಗೂ ಹೇಳದೆ, ಕೆರೆಯ ಏರಿಯ ಮೇಲೆ ನಡೆದು ಹಿಂಬದಿಯ ಊರಿಗೆ ಹೋದರು. ಐದು ವರ್ಷಗಳಲ್ಲಿ ಅವರು ಅಲ್ಲಿಗೆ ಹೋಗಿರಲಿಲ್ಲ. ಉದ್ದನೆಯ ಶೆಡ್ಡುಗಳೊಳಗೆ ಅಂತಸ್ತು ಅಂತಸ್ತಾಗಿ ತಂತಿಯ ಪಂಜರಗಳು. ಒಂದು ಕೋಳಿಗೆ ಸಿಕ್ಕುವ ಜಾಗ ಒಂದು ಹಾಳೆ ಕಾಗದಕ್ಕಿಂತ ಕಡಿಮೆ. ದಿನಕ್ಕೆ ಕೋಳಿಯೊಂದಕ್ಕೆ ನೂರು ಗ್ರಾಂ ಹಿಕ್ಕೆಯೆಂದು ಹಿಡಿದರೂ 40,000 ಕೋಳಿಗಳಿಗೆ ನಾಲ್ಕು ಟನ್ನು. ಒದ್ದೆಯಾದ ಹಿಕ್ಕೆಯಲ್ಲಿ ನೊಣವು ಮೊಟ್ಟೆಯಿಟ್ಟರೆ, ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನಗಳೊಳಗೆ ಅದು ರೆಕ್ಕೆ ಬಂದು ಹಾರುತ್ತದೆ. ಫಾರಮ್ಮಿಗೆ ಹತ್ತಿರದ ಮನೆಯ ಜಗುಲಿಯಲ್ಲಿ ಹೆಂಗಸೊಬ್ಬಳು ಮಗುವಿಗೆ ಸೊಳ್ಳೆಪರದೆಯೊಳಗೆ ಕೂರಿಸಿ ಅನ್ನ ತಿನ್ನಿಸುತ್ತಿದ್ದಳು. ಹಾಡುಹಗಲು.

ಅವಳು ಅವರ ಗುರುತು ಹಿಡಿದಳು. "ನೀವು ಬಸ್ತಿ ಯಜಮಾನ್ರಲ್ವಾ?" ಎಂದಳು. ಹೌದೆಂದರು. "ನಿಮ್ಮೂರಲ್ಲಿ ಬ್ಯಾಡ ಅಂದ್ರಂತೆ. ನೊಣ ಬತ್ತವೆ ಅಂತ ನಿಮಗೆ ಆವಾಗ್ಲೇ ಗೊತ್ತಿತ್ತಾ ಸ್ವಾಮಿ?"

ಗೊತ್ತಿತ್ತು ಎಂದರು.

"ಮತ್ತೆ ನಮಗ್ಯಾಕೆ ಯಾರೂ ಹೇಳ್ಲಿಲ್ಲ?"

ಜನವರಿಯ ಮೊದಲ ವಾರ ಬಸದಿಯ ಆಡಳಿತ ಮಂಡಳಿಯ ಸಭೆ ಸೇರಿತು. ಈ ನಡುವೆ ಧರ್ಮದರ್ಶಿಗಳು ಕಾನೂನಿನ ವಿಷಯವನ್ನು ತಿಳಿದುಕೊಂಡಿದ್ದರು. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಹಳೆಯ ವಿನಾಯಿತಿಯನ್ನು ಮರುಪರಿಶೀಲಿಸಬೇಕೆಂದು ಆಜ್ಞೆ ಮಾಡಿತ್ತು. 2021ರ ಪರಿಷ್ಕೃತ ಮಾರ್ಗಸೂಚಿಯಂತೆ 5,000ಕ್ಕಿಂತ ಹೆಚ್ಚು ಹಕ್ಕಿಗಳಿರುವ ಫಾರಂಗಳು ಹಂತಹಂತವಾಗಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಪಡೆಯಬೇಕು. ಈ ಫಾರಂ ಪಡೆದಿದೆಯೇ, ಹಿಕ್ಕೆಯ ವಿಲೇವಾರಿ ಸರಿಯಿದೆಯೇ, ಪಂಜರಗಳು 1960ರ ಕಾಯಿದೆಗೆ ಅನುಗುಣವಾಗಿವೆಯೇ ಎಂದು ವಿಚಾರಿಸುವ ಅರ್ಜಿಗೆ, ಕೆರೆಯ ಹಿಂದಿನ ಊರಿನವರೊಡನೆ ಬಸದಿಯೂ ಸಹಿ ಹಾಕಬೇಕೆಂದು ಅವರು ಸೂಚಿಸಿದರು. ಎರಡನೆಯದಾಗಿ, 2018ರ ನಡಾವಳಿಯಲ್ಲಿ ದಾಖಲಾದ ತಮ್ಮ ಮಾತನ್ನು ಹಿಂತೆಗೆದುಕೊಳ್ಳುವ ಪತ್ರವೊಂದನ್ನು ತಮ್ಮದೇ ಪಂಚಾಯಿತಿಗೆ ಕೊಡುವುದಾಗಿ ತಿಳಿಸಿದರು.

ಅದು ಆ ಪಂಚಾಯಿತಿಯ ವಿಷಯ, ನಮಗೆ ಅಧಿಕಾರವಿಲ್ಲ ಎಂದರು ಒಬ್ಬರು. ಫಾರಂ ಅಲ್ಲಿಂದ ಎದ್ದರೆ ಮತ್ತೆ ಎಲ್ಲಿಗೆ ಹೋಗುತ್ತದೋ ಎಂದರು ಇನ್ನೊಬ್ಬರು. ಶಾಸ್ತ್ರ ಬಲ್ಲ ಹಿರಿಯ ಸದಸ್ಯರೊಬ್ಬರ ಆಕ್ಷೇಪಣೆ ಮಾತ್ರ ಗಂಭೀರವಾಗಿತ್ತು. ನಿಯಮದಂತೆ ನಡೆಸಿ ಎಂದು ಕೇಳುವುದೆಂದರೆ, ನಡೆಸಿ ಎಂದು ಒಪ್ಪಿದಂತಲ್ಲವೇ? ಒಂದು ಅಂಗುಲ ಹೆಚ್ಚು ಜಾಗಕ್ಕಾಗಿ ಅರ್ಜಿ ಹಾಕಿದವನು ಪಂಜರಕ್ಕೆ ಅನುಮತ ಕೊಟ್ಟ ಹಾಗಾಯಿತು. ಆಗ ಬಾಯಿ ಮುಚ್ಚಿಕೊಂಡಿದ್ದವನೇ ನಿರ್ದೋಷಿಯೇ ಎಂದು ಧರ್ಮದರ್ಶಿಗಳು ಕೇಳಿದರು. ಅದಕ್ಕೆ ಆ ಹಿರಿಯರು, ಅಲ್ಲ, ಅವನೂ ಅಲ್ಲ ಎಂದರು. ಸಭೆ ಬಹಳ ಹೊತ್ತು ಮೌನವಾಗಿತ್ತು. ಕೊನೆಗೆ, ಪ್ರಾಣಿಗಳನ್ನು ಪಂಜರದಲ್ಲಿಟ್ಟು ಮಾಡುವ ಯಾವ ಉದ್ಯಮವನ್ನೂ ಬಸದಿಯು ಎಲ್ಲಿಯೂ ಒಪ್ಪುವುದಿಲ್ಲವೆಂಬ ವಾಕ್ಯವನ್ನು ಅರ್ಜಿಯ ಮೊದಲಿಗೇ ಸೇರಿಸಿ, ಹಿರಿಯರೇ ಅದನ್ನು ಅನುಮೋದಿಸಿದರು. ಅಭಿಷೇಕದ ಹಾಲಿನ ಮೂಲವನ್ನು ವಿಚಾರಿಸುವ ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು. ಮುಂದಿನ ಸಭೆಯಲ್ಲಿಯೂ ಅದನ್ನು ಮುಂದಕ್ಕೆ ಹಾಕಲಾಯಿತು.

ಅರ್ಜಿಯನ್ನು ಕೊಡಲು ಧರ್ಮದರ್ಶಿಗಳೊಡನೆ ಆ ಹೆಂಗಸಿನ ಮಾವ ಮತ್ತು ಗಂಡ ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಬಂದರು. ಕಚೇರಿಯ ಗುಮಾಸ್ತರು ಅರ್ಜಿಯನ್ನು ಪೂರ್ತಿಯಾಗಿ ಓದಿ, ಸಹಿಗಳ ವಿಳಾಸಗಳನ್ನು ಹೋಲಿಸಿ ನೋಡಿದರು. "ಯಜಮಾನರೇ, ಫಾರಂ ಇರುವ ಊರು ನಿಮ್ಮದಲ್ಲವಲ್ಲ, ನಿಮಗೇನು ತೊಂದರೆ?" ಎಂದು ಸೌಜನ್ಯದಿಂದಲೇ ಕೇಳಿದರು. ಧರ್ಮದರ್ಶಿಗಳು ಕೈಚೀಲದಿಂದ 2018ರ ನಡಾವಳಿಯ ನಕಲನ್ನು ತೆಗೆದು, ತಮ್ಮ ಮಾತಿನ ಕೆಳಗೆ ಗೆರೆ ಎಳೆದಿದ್ದ ಪುಟವನ್ನು ಅರ್ಜಿಯ ಜೊತೆಗೆ ಸೇರಿಸಿ ಕೊಟ್ಟರು.